ಅರಿಷಿಣ ದಾರ ಕಟ್ಟಿದ ಸ್ವಿಚ್ಚು

ಹೆಂಡತಿಯನ್ನು ಕೇಳಿ ಊರಿಗೆ ಹೋಗುವ ಗಂಡಂದಿರಿದ್ದಾರೆ, ಹೆಂಡತಿಯನ್ನು ಕೇಳಿ ಅಂಗಿ ಹೊಲಿಸುವವರೂ ಇದ್ದಾರೆ. ಹೆಂಡತಿಯನ್ನು ಕೇಳಿ ಮರ ಕೊಯ್ಯುವ ಬಡಗಿ ಮಾತ್ರ ಇಡೀ ಆದವಾನಿಯಲ್ಲಿ ನಾನೊಬ್ಬನೇ.

ನನ್ನ ಗರಗಸದ ಮಿಷನ್ನು ಹಿತ್ತಲಿನ ತಗಡಿನ ಚಪ್ಪರದಲ್ಲಿದೆ. ಮೋಟಾರು, ಬೆಲ್ಟು, ಮರ ಇಟ್ಟು ನೂಕಲು ಹಳಿಯ ಮೇಲೆ ಜಾರುವ ಮೇಜು, ಎಲ್ಲ ವೈಭವವೂ ಇದೆ. ಆದರೆ ಕರೆಂಟಿನವರು ಸ್ವಿಚ್ಚನ್ನು ಮೀಟರಿನ ಪಕ್ಕ, ಅಂದರೆ ಅಡಿಗೆಮನೆಯ ಬಾಗಿಲಲ್ಲಿ, ಕೂರಿಸಿ ಹೋದರು. (ಮಿಷನ್ನು ನನ್ನದು, ಅದರ ಪ್ರಾಣ ನನ್ನ ಹೆಂಡತಿ ಪಂಪಮ್ಮನ ಕೈಯಲ್ಲಿ.) ಶುರು ಮಾಡಬೇಕಾದರೆ ನಾನು ಹಿತ್ತಲಿನಿಂದ "ಹಾಕೇ!" ಎಂದು ಕೂಗಬೇಕು. ನಿಲ್ಲಿಸಬೇಕಾದರೆ, ಆ ಗದ್ದಲದಲ್ಲಿ ಗಂಟಲು ಸಾಲದು, ತಗಡು ಬಡಿಯಬೇಕು. ಅಡಿಗೆಯಾಯಿತೆಂದರೆ ನಾನು ಬಡಿಯದಿದ್ದರೂ ಮಿಷನ್ನು ನಿಲ್ಲುತ್ತಿತ್ತು.

"ಇನ್ನ ನಾಕು ಬೆಟ್ಟು ಹಲಗಿ ಕೊಯ್ಯೋದಿತ್ತಲ್ಲೇ!"

"ನಾಕು ಬೆಟ್ಟು ಎಲ್ಲಿಗೆ ಓಡಿ ಹೋಗ್ತಾವ್ರಿ? ರೊಟ್ಟಿ ಆರ್ತಾವ, ಜಲ್ದಿ ಬರ್ರಿ."

ಒಂದು ದಿನ ದೇವನಕೊಂಡದ ಉರುಕುಂದಪ್ಪ ಬಂಡಿಗೆ ಹಲಗೆ ಕೊಯ್ಯಿಸಲು ಬಂದವನು ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಜಾರಣ್ಣಾ, ನಿನ್ನ ರೈಲಿಗೆ ಡ್ರೈವರು ಅಡಿಗಿ ಮನ್ಯಾಗ ಕುಂತಾಳಲ್ಲೋ!"

ಆ ಮಾತು ನನ್ನ ಪೌರುಷಕ್ಕೆ ನಾಟಿತು. ಮರುದಿನವೇ ವೈರಿಂಗ್ ಮಾಡುವ ಓಬಳೇಶನನ್ನು ಕರೆಸಿ, ಮಿಷನ್ನಿನ ಪಕ್ಕದ ಕಂಬಕ್ಕೆ ಇನ್ನೊಂದು ಸ್ವಿಚ್ಚು ಹಾಕಿಸಿದೆ.

"ಅಯಿಪೋಯಿಂದಿ ಅಣ್ಣಾ, ಮುಗೀತು," ಎಂದು ಓಬಳೇಶ ಕೈ ಒರೆಸಿಕೊಂಡ. "ಎರಡೂ ಹಾಕಿದ್ರ ತಿರುಗ್ತೈತಿ. ಯಾವ್ದು ಒಂದು ತಗದ್ರೂ ನಿಲ್ತೈತಿ."

ಅಂದರೆ ಪಂಪಮ್ಮನ ಅಧಿಕಾರ ಕೂದಲಷ್ಟೂ ಕಡಿಮೆಯಾಗಿರಲಿಲ್ಲ! ಆಗ ನನ್ನ ತಲೆಗೊಂದು ದಿವ್ಯ ಉಪಾಯ ಹೊಳೆಯಿತು. ದಾರಿಯಲ್ಲಿ ಯಾರೋ ಇಳಿಸಿ ಹಾಕಿದ ನಿಂಬೆಹಣ್ಣು ಕಂಡರೆ ಸುತ್ತು ಹಾಕಿ ಹೋಗುವ ದೈವಭಕ್ತೆ ನನ್ನವಳು. ಶುಕ್ರವಾರ ಮಡಿ ಧೋತರ ಉಟ್ಟು, ಎರಡೂ ಸ್ವಿಚ್ಚಿಗೆ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದೆ. ಆಮೇಲೆ ಮನೆಯ ಸ್ವಿಚ್ಚಿನ ಹಿಡಿಯನ್ನು ಹಾಕಿದ ಹಾಗೆಯೇ ಬಿಟ್ಟು, ಅರಿಷಿಣದ ದಾರ ಸುತ್ತಿ ಮೂರು ಗಂಟು ಬಿಗಿದೆ.

"ದೇವರ ದಾರ. ಮುಟ್ಟಬ್ಯಾಡ," ಎಂದೆ ಗಂಭೀರವಾಗಿ.

ಅವಳು ದಾರವನ್ನು ನೋಡಿದಳು, ನನ್ನನ್ನು ನೋಡಿದಳು. "ದೇವರು ಕೇಳಿದ್ನೇನ್ರಿ ಇದನ್ನ?" ಎಂದಳು. ಆದರೂ ಕೈ ಮುಗಿದು ಒಳಗೆ ಹೋದಳು.

ಸ್ವಾತಂತ್ರ್ಯೋತ್ಸವಕ್ಕೆ ಸಾಕ್ಷಿಯಾಗಲಿ ಎಂದು ಉರುಕುಂದಪ್ಪನನ್ನೇ ಕರೆಸಿದ್ದೆ. ಅವನ ಕಣ್ಣೆದುರೇ ಕಂಬದ ಸ್ವಿಚ್ಚು ಹಾಕಿ, ಮೇಜಿನ ಮೇಲೆ ಬೇವಿನ ಹಲಗೆ ಇಟ್ಟು ನೂಕಿದೆ. ದಿನಾ ಚಡ್ಡಿಯಲ್ಲಿ ಕೆಲಸ ಮಾಡುವ ನಾನು ಆ ದಿನ ಪೂಜೆಯ ಧೋತರದಲ್ಲೇ ಇದ್ದೇನೆಂಬುದು ನನಗೆ ನೆನಪಿರಲಿಲ್ಲ. ಬೆಲ್ಟಿಗೆ ನೆನಪಿತ್ತು. ಕಚ್ಚೆಯ ತುದಿಯನ್ನು ಹಿಡಿದು ಸರಸರನೆ ಸುತ್ತಿಕೊಳ್ಳತೊಡಗಿತು. ಆದವಾನಿಯ ಹತ್ತಿ, ಹರಿಯಲಿಲ್ಲ. ಧೋತರ ಸಿಕ್ಕಿಸಿದ ಬೆಳ್ಳಿ ಉಡದಾರ, ಮಾವ ಕೊಟ್ಟದ್ದು, ಅದೂ ಹರಿಯಲಿಲ್ಲ. ನಾನು ಎರಡೂ ಕೈಯಲ್ಲಿ ಮಿಷನ್ನಿನ ಕಾಲು ತಬ್ಬಿಕೊಂಡೆ. ನನ್ನ ಸ್ವಂತ ಸ್ವಿಚ್ಚು ಒಂದೇ ಒಂದು ಗೇಣು ಆಚೆ ಇತ್ತು. ಉರುಕುಂದಪ್ಪ ಮರದ ರಾಶಿ ಹತ್ತಿ ನಿಂತು, "ಅಯ್ಯಯ್ಯೋ, ಹೋದ! ಬಜಾರಣ್ಣ ಹೋದ!" ಎಂದು ಊರಿಗೆ ಸಾರುತ್ತಿದ್ದ.

ನಾನು ಕೂಗಿದೆ. ಯಾರಿಗೆ ಕೇಳಬೇಕು? ಕೇಳಿದರೂ ಅಲ್ಲಿ ಮೂರು ಗಂಟಿನ ದಾರ ಇದೆ, ಕಟ್ಟಿದವನು ನಾನೇ. ಆ ಕ್ಷಣ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮಿಷನ್ನು ನಿಂತಿತು.

ಹಿತ್ತಲ ಬಾಗಿಲಲ್ಲಿ ಪಂಪಮ್ಮ ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು, ತುಟಿಯ ಮೇಲೆ ಅರಿಷಿಣದ ದಾರದ ತುಂಡು.

ಜೀವ ಉಳಿದ ಮನುಷ್ಯ ಮೊದಲು ಏನಾದರೂ ಒಳ್ಳೆಯ ಮಾತಾಡಬೇಕು. ನಾನು ಕೇಳಿದ್ದು ಇಷ್ಟು: "ದೇವರ ದಾರಾನ ಹಲ್ಲಿನಿಂದ ಕಡದೇನು?"

"ಕೈಗೆ ಹಿಟ್ಟಿತ್ತು, ಕಡದೆ. ದಾರ ಬಜಾರದಾಗ ಹತ್ತು ಸಿಗ್ತಾವ. ನೀವು ಎಲ್ಲಿ ಸಿಗ್ತೀರಿ?"

"ನಾ ಕೂಗಿದ್ದು ಕೇಳಿಸ್ತೇನು?"

"ಆ ಗದ್ದಲದಾಗ ಎಲ್ಲಿ ಕೇಳ್ತೈತ್ರಿ? ಮಿಷನ್ನಿನ ದನಿ ತಪ್ಪಿತು. ಎರಡು ವರ್ಷ ಹಾಕಿ ತಗದಾಕಿ ನಾನು, ಅಷ್ಟೂ ಗೊತ್ತಾಗಂಗಿಲ್ಲೇನು?"

ಅವಳು ನನ್ನ ಬೆರಳುಗಳನ್ನು ಎರಡು ಸಲ ಎಣಿಸಿದಳು. ಹತ್ತೂ ಇದ್ದವು. ಆಮೇಲೆ ಹಲಗೆಯ ಮೇಲೆ ಕುಸಿದು ಕುಳಿತಳು. ಧೋತರವನ್ನು ಬಿಚ್ಚಿ ಬೆಲ್ಟಿಗೇ ಬಿಟ್ಟು ಬರೀ ಚಡ್ಡಿಯಲ್ಲಿ ನಿಂತಿದ್ದೆನಾದರೂ ನಾಚಿಕೆ ಹತ್ತಿರ ಸುಳಿಯಲಿಲ್ಲ, ಬದುಕಿದೆನಲ್ಲ ಎಂಬುದೊಂದೇ ಮನಸ್ಸಿನಲ್ಲಿತ್ತು.

ಸಂಜೆ ಅವಳು ಹೊಸ ಅರಿಷಿಣದ ದಾರ ಹಿಡಿದು ಹಿತ್ತಲಿಗೆ ಬಂದಳು. ಕಂಬದ ಮೇಲಿನ ನನ್ನ ಸ್ವಿಚ್ಚನ್ನು ಹಾಕಿ, ಹಿಡಿಗೆ ದಾರ ಸುತ್ತಿ, ಮೂರಲ್ಲ, ಐದು ಗಂಟು ಬಿಗಿದಳು.

"ದೇವರ ದಾರ. ಮುಟ್ಟಬ್ಯಾಡ್ರಿ," ಎಂದಳು.

ನಾನು ಕೈ ಮುಗಿದೆ.

ನಿನ್ನೆ ಹಲಗೆ ಅರ್ಧ ಕೊಯ್ದಿರುವಾಗ ಮಿಷನ್ನು ತಾನಾಗಿ ನಿಂತಿತು. ತಕರಾರು ಮಾಡದೆ ತೊಟ್ಟಿಯ ಹತ್ತಿರ ಹೋಗಿ ಹತ್ತೂ ಬೆರಳು ತೊಳೆದುಕೊಂಡೆ. ರೊಟ್ಟಿ ಬಿಸಿಯಾಗಿತ್ತು.