ಸೌಟು ಯಾರ ಕೈಗೆ?

ಎಲ್ಡಾ: ಆ ಕರಿ ಹುಂಜ ಕೊಡಲ್ಲ ಅಂದ್ರೆ ಕೊಡಲ್ಲ. ಅಕ್ಕಿ ಕೊಡ್ತೀನಿ, ಈರುಳ್ಳಿ ಕೊಡ್ತೀನಿ, ತಗೊಂಡು ದಾರಿ ಹಿಡಿ.

ಮುಸುಕು: ಅಮ್ಮಾ, ತಾಯೀ! ಅಕ್ಕಿ ಬೇಲಿ ಹಾರುತ್ತಾ? ಈರುಳ್ಳಿ ಅಟ್ಟಿಸ್ಕೊಂಡು ಹೋದ್ರೆ ಓಡುತ್ತಾ? ನಮಗೆ ಓಡೋದು ಬೇಕು ತಾಯೀ, ಹಿಡಿಯೋಕೆ!

ಎಲ್ಡಾ: ಹಿಡಿಯೋನ ಮುಖ ನೋಡು. ಈ ಮಂಡಿ ಇಟ್ಕೊಂಡು ಹುಂಜ ಹಿಡೀತೀಯಾ? ಹುಂಜಾನೇ ನಿಂತು, ‘ಪಾಪ, ಮುದುಕ ಬರ್ಲಿ’ ಅಂತ ಕಾಯ್ಬೇಕು.

ಮಾರ್ಡಿ ಗ್ರಾ ಹಬ್ಬದ ಬೆಳಗು. ಲೂಯಿಸಿಯಾನಾದ ಭತ್ತದ ಬಯಲಿನಲ್ಲಿ ಅವತ್ತು ಮರ್ಯಾದಸ್ಥ ಗಂಡಸರೆಲ್ಲ ಚಿಂದಿ ಬಟ್ಟೆ ತೊಟ್ಟು, ಚೂಪು ಟೋಪಿ ಇಟ್ಟು, ಜಾಲರಿಯ ಮುಖವಾಡ ಹಾಕಿಕೊಂಡು ಮನೆಮನೆಗೆ ಕೋಳಿ ಬೇಡಲು ಕುದುರೆ ಏರುತ್ತಾರೆ. ಸಿಕ್ಕಿದ್ದೆಲ್ಲ ರಾತ್ರಿ ಊರ ಸಭಾಂಗಣದ ಗಂಬೋ ಸಾರಿಗೆ. ದನಿ ಗುರುತು ಸಿಗಬಾರದೆಂದು ಮೀಸೆ ಹೊತ್ತ ಗಂಡಸರೆಲ್ಲ ಇಲಿಯ ಹಾಗೆ ಕಿಚಗುಟ್ಟುತ್ತಾರೆ. ಗಂಬೋ ಬಡಿಸುವ ತನಕ ಅವರು ಮುಸುಕು ತೆಗೆಯುವಂತಿಲ್ಲ, ಮನೆಯವರು ಗುರುತು ಹಿಡಿದರೂ ಹೆಸರು ಹೇಳುವಂತಿಲ್ಲ. ಹಬ್ಬದ ಸವಾರಿಯ ಕ್ಯಾಪ್ಟನ್ ನೋಲನ್ ಚಾವಟಿ ಹಿಡಿದು ಗೇಟಿನ ಹತ್ತಿರ ನಿಂತಿದ್ದ. ಉಳಿದವರು ರಸ್ತೆಯಲ್ಲಿ ಕುಣಿಯುತ್ತಿದ್ದರು. ಒಂದು ಮುಸುಕು ಮಾತ್ರ ಎಲ್ಡಾಳ ಜಗಲಿಯ ಮುಂದೆ ಮಂಡಿಯೂರಿ ಕೈ ಚಾಚಿತ್ತು.

ಯಾರು ಅಂತ ಎಲ್ಡಾಳಿಗೆ ಬೇರೆ ಹೇಳಬೇಕೇ? ಆ ಹಳದಿ ಅಂಗಿ ಅವಳೇ ಹಳೆಯ ಪರದೆ ಕತ್ತರಿಸಿ ಹೊಲಿದದ್ದು. ಆ ಹೊಟ್ಟೆ, ಆ ಬಾತುಕೋಳಿ ನಡಿಗೆ ಗಂಡನ ಮನೆತನದ ಆಸ್ತಿ. ಬೆಳಿಗ್ಗೆ ‘ಅಯ್ಯೋ ಮಂಡಿ’ ಎಂದು ನರಳುತ್ತ ಹಿಂದಿನ ಕೋಣೆಗೆ ಹೋದ ಗಂಡ ಆಡ್ಲಿ ಸ್ವಲ್ಪ ಹೊತ್ತಿಗೇ ಅಲ್ಲಿನ ಕಿಟಕಿ ತೆರೆದದ್ದು ಅವಳಿಗೆ ಕೇಳಿಸಿತ್ತು. ಕುದುರೆ ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದು ಗಾಳಿಗೆ ಹೋಯಿತು. ಹೋಗಲಿ, ಅವಳಿಗೂ ಇದರಲ್ಲಿ ಒಂದು ಲಾಭವಿತ್ತು. ಮದುವೆಯಾದ ದಿನದಿಂದ ‘ರೀ, ನೋಡ್ರೀ’ ಅನ್ನುತ್ತಿದ್ದ ಬಾಯಲ್ಲಿ ಇವತ್ತೊಂದು ದಿನ ‘ಏನಯ್ಯಾ, ಏನೋ’ ಅನ್ನಬಹುದು. ಮುಸುಕಿನವನು ಯಾರೋ ಏನೋ!

ಮುಸುಕು: ಮನೇಲಿ ಯಜಮಾನ್ರು ಇಲ್ವಾ ತಾಯೀ? ಅವರಾದ್ರೆ ಧಾರಾಳಿ ಅಂತ ಕೇಳಿದೀನಿ.

ಎಲ್ಡಾ: ಇದಾರಪ್ಪ. ಮಂಡಿ ನೋವು ಅಂತ ಮಲಗಿದಾರೆ. ಎಂಥ ಮಂಡಿ ಗೊತ್ತಾ? ಕಸ ಹಾಕೋಕೆ ಬಗ್ಗಲ್ಲ, ಕಿಟಕಿ ಹಾರೋಕೆ ಚೆನ್ನಾಗಿ ಬಗ್ಗುತ್ತೆ.

ಮುಸುಕು ಹೊಟ್ಟೆ ಹಿಡಿದು ನಕ್ಕಿತು. ನಗುವಂಥದ್ದು ಏನಿದೆ ಇದರಲ್ಲಿ, ಮಾನ ಹೋಗುತ್ತಿರುವುದು ಇವನದೇ ಅಲ್ಲವೇ ಎಂದು ಎಲ್ಡಾಳಿಗೆ ರೇಗಿತು.

ಎಲ್ಡಾ: ನಗು, ನಗು. ಆ ಮನುಷ್ಯನಿಗೂ ನಿನ್ನ ಹಾಗೇ ನಾಚಿಕೆ ಇಲ್ಲ. ಅವರ ಮನೆಯೋರೆಲ್ಲ ಅಷ್ಟೇ. ಒಬ್ಬಳು ತಂಗಿ ಇದಾಳೆ, ವೆರ್ನಾ ಅಂತ.

ಮುಸುಕು: ಹಾಂ? ಏನು ವೆರ್ನಾ? ವೆರ್ನಾ ಏನ್ ಮಾಡಿದ್ಲು?

ಎಲ್ಡಾ: ಇನ್ನೇನ್ ಮಾಡ್ತಾಳೆ, ನನ್ನ ಸೌಟಿನ ಮೇಲೆ ಕಣ್ಣು ಹಾಕಿದಾಳೆ. ನಮ್ಮತ್ತೆ ಸಾಯೋವಾಗ ಊರ ಗಂಬೋ ಸೌಟು ಮಗಳಿಗೆ ಕೊಡದೆ ಸೊಸೆ ಕೈಗೆ ಕೊಟ್ರಲ್ಲ, ಅವತ್ತಿಂದ ಅವಳಿಗೆ ಹೊಟ್ಟೆ ಉರಿ. ಈ ವರ್ಷ ತನಗೆ ಕೊಡಿ ಅಂತ ನೋಲನ್ ಕಿವಿ ಕಚ್ಚಿದಾಳಂತೆ. ಅವಳ ಗಂಬೋ ಕುಡಿದಿದೀಯಾ ನೀನು? ಪಾತ್ರೆ ತೊಳೆದ ನೀರಿಗೆ ಮೆಣಸು ಹಾಕಿದ ಹಾಗಿರುತ್ತೆ.

ಮುಸುಕು: ಏಯ್! ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ಅವಳ ಗಂಬೋ ತಿಂದೋರು ತಟ್ಟೆ ನೆಕ್ಕ್ತಾರೆ!

ಎಲ್ಡಾ: ತಂಗಿ ಅಂದ ತಕ್ಷಣ ಹೇಗೆ ಉರೀತು ನೋಡು! ಹೆಂಡತಿ ಪರವಾಗಿ ಇಷ್ಟು ಜೋರಾಗಿ ಒಂದು ದಿನ ಕಿರುಚಿದೀಯಾ?

ಮುಸುಕು ಟೋಪಿ ಸರಿಮಾಡಿಕೊಂಡು, ದನಿಯನ್ನು ಇನ್ನೂ ತೆಳುವಾಗಿಸಿ ಒಂದು ಮೆಟ್ಟಿಲು ಹತ್ತಿ ಬಂತು.

ಮುಸುಕು: ತಪ್ಪಾಯ್ತು ತಾಯೀ. ನಿಮ್ಮ ಕೈಯೇ ಕೈ. ಒಲೆ ಮುಂದೆ ಗಂಟೆಗಟ್ಟಲೆ ನಿಂತು, ಎಣ್ಣೇಲಿ ಹಿಟ್ಟು ಹುರಿದು ಹುರಿದು, ಗಂಬೋಗೆ ಬೇಕಾದ ಆ ಕಪ್ಪು ಗೊಜ್ಜು, ‘ರೂ’ ಅಂತಾರಲ್ಲ, ಅದು ಬರೋ ತನಕ ಸೌಟು ಬಿಡಲ್ವಂತೆ. ಭುಜ ನೋಯಲ್ವಾ?

ಎಲ್ಡಾ: ಏನೂ ಗೊತ್ತಿಲ್ಲದೋನ ಹಾಗೆ ನಾಟಕ ಆಡ್ತೀಯಲ್ಲ! ಭುಜ ಯಾಕೆ ನೋಯುತ್ತೆ, ಬಾಟ್ಲಿ ಮುಚ್ಚಳ ತಿರುಗಿಸಿದ್ರೆ?

ಮುಸುಕು: ಬಾಟ್ಲಿ?

ಎಲ್ಡಾ ಗೇಟಿನ ಕಡೆ ಒಮ್ಮೆ ನೋಡಿದಳು. ನೋಲನ್ ಯಾವನಿಗೋ ಚಾವಟಿ ಬೀಸುವುದರಲ್ಲಿ ಮುಳುಗಿದ್ದ. ಅವಳು ಮುಸುಕಿನ ಕಿವಿಯಿರಬೇಕಾದ ಜಾಗಕ್ಕೆ ಬಾಗಿದಳು.

ಎಲ್ಡಾ: ಹೂಂ, ಬಾಟ್ಲಿ. ಅಂಗಡೀಲಿ ಸಿಗೋ ಸಿದ್ಧ ‘ರೂ’. ಮೆಲ್ಲಗೆ ಮಾತಾಡು. ಇವತ್ತು ಬೆಳಿಗ್ಗೆ ನಮ್ಮನೆಯೋರಿಗೆ ಹೇಳಿದ್ದು ಒಂದೇ ಕೆಲಸ. ಖಾಲಿ ಬಾಟ್ಲಿ ಎಲ್ಲಾ ಚೀಲಕ್ಕೆ ತುಂಬಿ ಊರಾಚೆ ಎಸೆದು ಬನ್ನಿ, ಹೆಂಗಸರು ಯಾರಾದ್ರೂ ಅಡುಗೆಮನೆಗೆ ನುಗ್ಗೋಕೆ ಮುಂಚೆ. ಅಷ್ಟು ಮಾಡೋದು ಬಿಟ್ಟು, ಪರದೆ ಸುತ್ಕೊಂಡು ಕುಣಿಯೋಕೆ ಬಂದಿದೀಯಾ! ಆ ವೆರ್ನಾ ಕಣ್ಣಿಗೆ ಒಂದು ಬಾಟ್ಲಿ ಬಿದ್ರೂ ನನ್ನ ಗತಿ ಏನು?

ಅಷ್ಟರಲ್ಲಿ ಮನೆಯ ಹಿಂಬದಿಯಿಂದ ಗಾಜು ಖಣಖಣ ಎಂದಿತು. ಕುಂಟುತ್ತ, ಬೆನ್ನ ಮೇಲೆ ಗೋಣಿಚೀಲ ಹೊತ್ತು, ಒಳಅಂಗಿಯಲ್ಲೇ ಒಬ್ಬ ಮನುಷ್ಯ ಮೂಲೆ ತಿರುಗಿ ಬಂದ.

ಆಡ್ಲಿ: ಎಲ್ಡಾ, ರಸ್ತೆ ತುಂಬ ಜನ ಕಣೇ. ಇದನ್ನ ಎಲ್ಲಿ ಎಸೀಲಿ?

ಎಲ್ಡಾ ಗಂಡನನ್ನು ನೋಡಿದಳು. ಮುಸುಕನ್ನು ನೋಡಿದಳು. ಮತ್ತೆ ಗಂಡನನ್ನು ನೋಡಿದಳು. ಜಗಲಿಯ ಕಂಬ ಕೈಗೆ ಸಿಕ್ಕಿದ್ದು ಅವಳ ಪುಣ್ಯ.

ಎಲ್ಡಾ: ನೀವು ಇಲ್ಲಿದ್ರೆ... ಇದು ಯಾರ್ರೀ?

ಮುಸುಕು: ಅತ್ತಿಗೇ.

ಆ ದನಿ ಈಗ ಇಲಿಯದಾಗಿರಲಿಲ್ಲ. ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ‘ಏನತ್ತಿಗೆ, ದಪ್ಪ ಆಗಿದೀಯಾ?’ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸುವ ದನಿಯಾಗಿತ್ತು.

ಎಲ್ಡಾ: ವೆರ್ನಾ!

ವೆರ್ನಾ: ಶ್! ಹೆಸರು ಹೇಳೋ ಹಾಗಿಲ್ಲ, ಹಬ್ಬದ ನಿಯಮ. ಪಾತ್ರೆ ತೊಳೆದ ನೀರು ಅಂದ್ಯಲ್ಲ, ಮುಂದೆ ಹೇಳು.

ಎಲ್ಡಾ: ರೀ! ನನ್ನ ಹೊಲಿಗೆ ಇವಳ ಮೈಮೇಲೆ ಹೇಗ್ರೀ ಬಂತು?

ಆಡ್ಲಿ: ಒಂದೇ ಒಂದು ಸಲ ಗಂಡಸರ ಸವಾರಿ ಹೋಗ್ಬೇಕು ಅಂತ ಚಿಕ್ಕವಳಿದ್ದಾಗಿಂದ ಆಸೆ ಪಡ್ತಿದ್ಲು ಪಾಪ. ನನಗಂತೂ ಮಂಡಿ ಆಗಲ್ಲ. ಅದಕ್ಕೇ ಅಂಗೀನ ಕಿಟಕೀಲಿ ಇವಳಿಗೆ ದಾಟಿಸ್ದೆ.

ಎಲ್ಡಾ: ಪಾಪ ಅಂತೆ! ಇರು, ನೋಲನ್ ಹತ್ರ ಹೇಳ್ತೀನಿ, ನಿನ್ನ ಸವಾರಿಯಲ್ಲಿ ಲಂಗದೋಳು ಸೇರಿದಾಳೆ ಅಂತ. ಚಾವಟಿ ಹಿಡಿದು ಕುದುರೆಯಿಂದ ಇಳಿಸ್ತಾನೆ.

ವೆರ್ನಾ: ಇಳಿಸ್ಲಿ. ನನಗೆ ಅರ್ಧ ದಿನ ಕುಣಿತ ಹೋಗುತ್ತೆ. ನಿನಗೆ ಹೋಗೋದು ಏನು ಅಂತ ಯೋಚನೆ ಮಾಡು. ಇವತ್ತು ರಾತ್ರಿ ಊರೆಲ್ಲ ಬಟ್ಟಲು ಹಿಡಿದು ಸಾಲಲ್ಲಿ ನಿಂತಾಗ ನಾನು ಮುಸುಕು ತೆಗೆದು ಒಂದೇ ಮಾತು ಹೇಳೋದು: ಬಾಟ್ಲಿ. ನಮ್ಮಮ್ಮ ಒಲೆ ಮುಂದೆ ಬೆಂದು ಬೆಂದು ಕಾಪಾಡಿದ ಸೌಟನ್ನ ಅಂಗಡಿ ಮಾಲಲ್ಲಿ ಅದ್ದಿದ್ಯಲ್ಲ, ನಾಳೆ ಚರ್ಚಲ್ಲಿ ಪಾಪಕ್ಕೆ ಅಂತ ಹಣೆಗೆ ಬೂದಿ ಹಚ್ಚಿಸ್ಕೊಳ್ಳೋವಾಗ ಎರಡು ಸಲ ಹಚ್ಚಿಸ್ಕೋ!

ಸೌಟು ಹೋದರೆ ಊರಲ್ಲಿ ಎಲ್ಡಾಳಿಗೆ ಏನು ಬೆಲೆ? ಎಲ್ಲರ ಹಾಗೆ ಅವಳೂ ಸಾಲಿನಲ್ಲಿ ನಿಂತು, ವೆರ್ನಾ ಬಡಿಸಿದಷ್ಟು ಉಣ್ಣಬೇಕು. ಕಣ್ಣಲ್ಲಿ ನೀರೇ ಬಂತು. ಆ ಸಿಟ್ಟಿಗೆ ಅವಳು ಗಂಡನ ಬೆನ್ನಿನ ಚೀಲವನ್ನು ಹಿಡಿದು ಜಗ್ಗಿದಳು. ಹಳೆಯ ಗೋಣಿ ಪರ್ ಎಂದು ಹರಿದು, ಬಾಟ್ಲಿಗಳು ಹುಲ್ಲಿನ ಮೇಲೆ ಉರುಳಿದವು. ಹಳದಿ ಮುಚ್ಚಳದವು, ಅವುಗಳ ನಡುವೆ ಅಲ್ಲಲ್ಲಿ ಕೆಂಪು ಮುಚ್ಚಳದವು.

ಎಲ್ಡಾ: ರೀ, ನಾನು ತರ್ಸೋದು ಹಳದಿ ಮುಚ್ಚಳದ್ದು. ಈ ಕೆಂಪಿನವು ಯಾರವು?

ಆಡ್ಲಿ ಮಂಡಿ ತಿಕ್ಕಿಕೊಂಡ. ಮುಸುಕು ಎರಡು ಮೆಟ್ಟಿಲು ಹಿಂದೆ ಸರಿಯಿತು.

ಎಲ್ಡಾ: ಯಾರವು ಅಂತ ಕೇಳ್ದೆ.

ಆಡ್ಲಿ: ಹೇಗೂ ಊರಾಚೆ ಹೋಗ್ತೀನಲ್ಲ ಕಣೇ. ತಂಗಿಗೆ ಅಂತ ಬೇರೆ ಚೀಲ ಹೊರಬೇಕಾ? ಮಂಡಿ ಬೇರೆ ನೋವು.

ಎಲ್ಡಾ: ಓಹೋಹೋ! ಏನಮ್ಮ ವೆರ್ನಾ, ತಟ್ಟೆ ನೆಕ್ಕ್ತಾರೆ ಅಂದ್ಯಲ್ಲ, ಬಾಟ್ಲೀನೂ ನೆಕ್ಕ್ತಾರಾ?

ಮುಸುಕಿನ ದನಿ ಮತ್ತೆ ಇಲಿಯದಾಯಿತು.

ಮುಸುಕು: ತಾಯೀ... ಬಡ ಮುಸುಕಿನವನು... ಒಂದು ಕೋಳಿ...

ಎಲ್ಡಾ: ಥೂ ನಿನ್ನ! ಆ ಪುಣ್ಯಾತ್ಗಿತ್ತಿ ಅತ್ತೆ ಹೊಟ್ಟೇಲಿ ನೀನು ಹೇಗೆ ಹುಟ್ಟಿದ್ಯೋ! ಅವರಾಗಿದ್ರೆ ನಿನ್ನ ಬೆನ್ನಿಗೆ ಸೌಟಲ್ಲೇ ಬಾರಿಸ್ತಿದ್ರು.

ವೆರ್ನಾ: ಮೊದಲು ನಿನಗೆ ಬಾರಿಸ್ತಿದ್ರು!

ಆಡ್ಲಿ: ಅಮ್ಮ ಯಾರಿಗೂ ಬಾರಿಸ್ತಿರ್ಲಿಲ್ಲ ಬಿಡ್ರೇ.

ಎಲ್ಡಾ: ಯಾಕಂತೆ?

ಆಡ್ಲಿ: ಅಮ್ಮನ ಬಾಟ್ಲೀನೂ ನಾನೇ ಎಸೀತಿದ್ದೆ.

ಅತ್ತಿಗೆ ನಾದಿನಿ ಇಬ್ಬರೂ ಬಾಯಿ ತೆರೆದರು. ಇಬ್ಬರ ಬಾಯಿಂದಲೂ ಏನೂ ಹೊರಡಲಿಲ್ಲ. ಆ ಸಂಸಾರದಲ್ಲಿ ಹೆಂಗಸರು ಒಟ್ಟಿಗೆ ಸುಮ್ಮನಾದದ್ದು ಅದೇ ಮೊದಲು, ಆಡ್ಲಿಗೆ ಆ ಹಿತ ಅನುಭವಿಸುವಷ್ಟು ಹೊತ್ತೂ ಸಿಗಲಿಲ್ಲ. ಚಾವಟಿ ಸುತ್ತುತ್ತ ನೋಲನ್ ಬರುತ್ತಿದ್ದ. ಎಲ್ಡಾ ತನ್ನ ಲಂಗ ಹರಡಿ ಬಾಟ್ಲಿಗಳ ಮೇಲೆ ಕುಳಿತಳು. ಮುಸುಕು ತನ್ನ ಹಳದಿ ಅಂಗಿ ಹರಡಿ ಉಳಿದವುಗಳ ಮೇಲೆ ಬೋರಲು ಬಿತ್ತು.

ನೋಲನ್: ಏನಕ್ಕ, ಈ ತರಲೆ ನಿಮಗೇನಾದ್ರೂ ತೊಂದ್ರೆ ಕೊಟ್ನಾ? ಯಾಕೆ ಹೀಗೆ ಬಿದ್ದಿದಾನೆ?

ಎಲ್ಡಾ: ಇಲ್ಲಪ್ಪ, ಪಾಪ. ಒಳ್ಳೆ ಮನೆತನದೋನು. ಭಕ್ತಿ ಜಾಸ್ತಿ, ಅದಕ್ಕೇ ಅಡ್ಡಬಿದ್ದಿದಾನೆ. ಹುಂಜ ಬಿಡ್ತೀನಿ, ಹಿಡ್ಕೊಳ್ಳಿ.

ನೋಲನ್: ದೇವರು ಒಳ್ಳೇದು ಮಾಡ್ಲಿ. ಅಕ್ಕಾ, ಈ ಸೌಟಿನ ಜಗಳ ಕೇಳಿ ಕೇಳಿ ನನಗೂ ಸಾಕಾಗಿದೆ. ವೆರ್ನಕ್ಕ ಬಿಡಲ್ಲ, ನೀವು ಕೊಡಲ್ಲ. ಇವತ್ತು ಇಬ್ಬರೂ ಒಂದೊಂದು ಹಂಡೆ ಮಾಡಿ, ಯಾರ ಗಂಬೋದಲ್ಲಿ ನಿಮ್ಮತ್ತೆ ಗಂಬೋ ರುಚಿ ಬರುತ್ತೋ, ಇನ್ನು ಮುಂದೆ ಸೌಟು ಅವರದು. ಏನಂತೀರಿ?

ನೋಲನ್ ರಸ್ತೆಗೆ ಮರಳಿದ. ಎಲ್ಡಾ ಗಂಡನ ಕಡೆ ನಿಧಾನವಾಗಿ ತಿರುಗಿದಳು.

ಎಲ್ಡಾ: ನಿಮ್ಮಮ್ಮಂದು ಯಾವ ಮುಚ್ಚಳ?

ಆಡ್ಲಿ: ಯಾವಾಗ್ಲೂ ಕೆಂಪೇ.

ಬೋರಲು ಬಿದ್ದಿದ್ದ ಮುಸುಕು ಚಂಗನೆ ಎದ್ದು ಕುಳಿತಿತು.

ವೆರ್ನಾ: ಕೇಳಿದ್ಯಾ ಅತ್ತಿಗೇ? ಅಮ್ಮನ ಕೈರುಚಿ ಬಂದಿರೋದು ನನಗೇ!

ಎಲ್ಡಾ: ಇಟ್ಕೊಳೇ, ಯಾರು ಬೇಡ ಅಂದೋರು! ಆದ್ರೆ ನಿನ್ನ ಬಾಟ್ಲಿ ಗುಟ್ಟು ನನ್ನ ಹತ್ರ, ನನ್ನದು ನಿನ್ನ ಹತ್ರ. ಇಬ್ಬರೂ ಒಟ್ಟಿಗೆ ಸೌಟು ಹಿಡಿಯೋಣ, ಊರಿಗೇನು ಹೇಳೋದು ಆಮೇಲೆ ನೋಡೋಣ. ಈಗ ಏಳು, ಹುಂಜ ಹಿಡಿ. ಸಂಜೆ ಸಭಾಂಗಣಕ್ಕೆ ಬರೋವಾಗ ಅಮ್ಮನ ಕೈರುಚಿ ಮರೀದೆ ತಗೊಂಡ್ ಬಾ. ಲೇಬಲ್ ಕಿತ್ತು ತಗೊಂಡ್ ಬಾ.