ದೇಸಾಯಿಯವರ ಎಣ್ಣೆ ಮತ್ತು ನಾನು ಕೈಬಿಟ್ಟವರ ಪಟ್ಟಿ

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನನಗೆ ದೇಸಾಯಿಯವರ ಮೇಲೆ ಹೊಟ್ಟೆಕಿಚ್ಚಿಲ್ಲ. ನಾನು ಕೈಗೊಂಡದ್ದು ಶುದ್ಧ ವೈಜ್ಞಾನಿಕ ಕಾರ್ಯ. ಈ ಮಾತನ್ನು ನಾನು ಲಿಖಿತವಾಗಿಯೂ ಕೊಟ್ಟಿದ್ದೆ. ಮಾನ ಹೋದದ್ದು ಆ ಕಾಗದದಿಂದಲೇ.

ದೇಸಾಯಿಯವರು ಪುಣೆಯ ಕೋಥರೂಡದ ನಮ್ಮ ಸೊಸೈಟಿಯಲ್ಲಿ ನಮ್ಮ ಎದುರು ಮನೆಯವರು. ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ವಯಸ್ಸು ನನಗಿಂತ ನಾಲ್ಕು ವರ್ಷ ಹೆಚ್ಚು, ತಲೆಗೂದಲು ನನಗಿಂತ ನಾಲ್ಕು ಪಟ್ಟು ಹೆಚ್ಚು. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತುತ್ತಾರೆ, ಹತ್ತುವಾಗ ಹಾಡು ಬೇರೆ ಗುನುಗುತ್ತಾರೆ. ಇಂಥ ಮನುಷ್ಯನಲ್ಲಿ ಏನಾದರೊಂದು ಕೊರತೆ ಇರಲೇಬೇಕೆಂದು ಆರು ವರ್ಷ ಹುಡುಕಿದೆ. ಸಿಗಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇದನ್ನೂ ಹೇಗೋ ಸಹಿಸಿಕೊಂಡಿದ್ದೆ. ಆದರೆ ಅವರು ಮೊಣಕಾಲು ನೋವಿಗೆ ಎಣ್ಣೆ ಕಾಯಿಸಲು ಶುರುಮಾಡಿದರು. ಎಳ್ಳೆಣ್ಣೆಗೆ ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಅಜವಾನ ಹಾಕಿ ಕುದಿಸಿ, ಸೋಸಿ, ಸಣ್ಣ ಬಾಟಲಿಗಳಲ್ಲಿ ತುಂಬಿದರು. ಕಳೆದ ಸಂಕ್ರಾಂತಿಗೆ ಅವರ ಮನೆಯ ಅರಿಷಿಣ-ಕುಂಕುಮಕ್ಕೆ ಹೋದ ಹೆಂಗಸರಿಗೆಲ್ಲ ಆ ಬಾಟಲಿಯೇ ಉಡುಗೊರೆ. ಈ ಊರಿನಲ್ಲಿ ಅದಕ್ಕೆ ವಾಣ ಎನ್ನುತ್ತಾರೆ. ಬೇರೆ ಮನೆಗಳಲ್ಲಿ ಸ್ಟೀಲಿನ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಹೆಂಗಸರು ಅದನ್ನು ಅಟ್ಟಕ್ಕೆ ಎಸೆದು ಮರೆಯುತ್ತಾರೆ. ಎಣ್ಣೆಯನ್ನು ಮಾತ್ರ ಯಾರೂ ಅಟ್ಟಕ್ಕೆ ಎಸೆಯಲಿಲ್ಲ.

ನನ್ನ ಹೆಂಡತಿ ಸುಮತಿಗೆ ಎರಡು ವರ್ಷದಿಂದ ಮೊಣಕಾಲು ನೋವು. ನಾನು ಬೆಲ್ಟ್ ತಂದುಕೊಟ್ಟೆ, ಬಿಸಿನೀರಿನ ಚೀಲ ತಂದುಕೊಟ್ಟೆ, ಡಾಕ್ಟರ ಹತ್ತಿರ ಎರಡು ಸಲ ಕರೆದೊಯ್ದೆ. ಒಂದಕ್ಕೂ ಹೊಗಳಿಕೆಯಿಲ್ಲ. ಎಣ್ಣೆ ಬಂದ ಮೂರನೆಯ ದಿನದಿಂದ ಬೆಳಗಿನ ಚಹಾದ ಜೊತೆ ಒಂದೇ ಮಂತ್ರ.

“ದೇಸಾಯಿ ಅವರ ಎಣ್ಣಿ ಹಚ್ಚಿದ ಮ್ಯಾಲೆ ಭಾಳ ಹಗುರ ಅನಸ್ತದ ನೋಡ್ರಿ.”

ಮೂವತ್ತೆರಡು ವರ್ಷದ ಸಂಸಾರದಲ್ಲಿ ನಾನು ತಂದ ಯಾವ ವಸ್ತುವಿಗೂ ಆಕೆ ‘ಭಾಳ’ ಎಂಬ ಪದ ಬಳಸಿದ್ದಿಲ್ಲ. ನನ್ನ ಹೊಟ್ಟೆಯಲ್ಲಿ ಏನೋ ಉರಿಯಿತು. ಪಿತ್ತವಿರಬಹುದೆಂದು ಜೀರಿಗೆ ನೀರು ಕುಡಿದೆ. ಇಳಿಯಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದು ದಿನ ಚಹಾದ ಹೊತ್ತಿಗೆ ಆಕೆ ನನ್ನ ಮುಖ ನೋಡಿ, ‘ನೀವಂದದ್ದ ಖರೇ ಅದರೀ’ ಅನ್ನಬೇಕು. ಆ ಎಣ್ಣೆಯಲ್ಲಿ ಏನೂ ಇಲ್ಲವೆಂಬ ನನ್ನ ಮಾತಿಗೆ ಅನ್ನಬೇಕು.

ಇದೇ ಸಮಯಕ್ಕೆ ಸುಮತಿಯ ಅಣ್ಣನ ಮಗಳು ಮೇಧಾ ಎರಡು ವಾರದ ಕೆಲಸಕ್ಕೆಂದು ಪುಣೆಗೆ ಬಂದು ನಮ್ಮಲ್ಲಿ ಉಳಿದಳು. ಅವಳ ನೌಕರಿ ಏನೆಂದು ನಮಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ವಿವರಿಸಿದಳು. ಒಂದೇ ಔಷಧವನ್ನು ಹತ್ತು ಊರಿನ ಡಾಕ್ಟರುಗಳು ರೋಗಿಗಳ ಮೇಲೆ ಪ್ರಯೋಗ ಮಾಡಿರುತ್ತಾರೆ. ಒಬ್ಬರು ಗುಣವಾಯಿತು ಎನ್ನುತ್ತಾರೆ, ಇನ್ನೊಬ್ಬರು ಆಗಲಿಲ್ಲ ಎನ್ನುತ್ತಾರೆ. ನಮಗೆ ಇಷ್ಟವಾದದ್ದನ್ನಷ್ಟೇ ಎತ್ತಿಕೊಳ್ಳುವಂತಿಲ್ಲ, ಅದು ಪಕ್ಷಪಾತ. ಪ್ರಶ್ನೆ ಏನು, ನಿಯಮ ಏನು ಎಂದು ಮೊದಲೇ ಬರೆದಿಟ್ಟು, ಆಗಿರುವ ಪ್ರಯೋಗಗಳನ್ನೆಲ್ಲ ಹುಡುಕಿ ತಂದು, ಇಬ್ಬರು ಬೇರೆ ಬೇರೆ ಕೂತು ಒಂದೊಂದನ್ನೂ ತೂಗಬೇಕು. ಯಾವುದನ್ನು ಕೈಬಿಟ್ಟೆವು, ಏಕೆ ಕೈಬಿಟ್ಟೆವು ಎಂದು ಪಟ್ಟಿ ಕೊಡಬೇಕು. ಬರೆದವರಿಗೆ ಆ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಏನಾದರೂ ಇದ್ದರೆ ಅದನ್ನೂ ಹೇಳಿಕೊಳ್ಳಬೇಕು. ಆಮೇಲೆಯೇ ತೀರ್ಮಾನ. ಇದಕ್ಕೆ ವ್ಯವಸ್ಥಿತ ಪರಾಮರ್ಶೆ ಎಂದು ಹೆಸರು.

ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ. ಕಾರಣ ಬರೆದು ಕೈಬಿಡಬಹುದು!

ನನ್ನ ಇಡೀ ನೌಕರಿಯೇ ಅದಾಗಿತ್ತು. ಪುಣೆ ಹತ್ತಿರದ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗ. ಭಾಗ ಸರಿಯಿಲ್ಲದಿದ್ದರೆ ಕೆಂಪು ಟ್ಯಾಗ್ ಕಟ್ಟುವುದು. ಟ್ಯಾಗಿನ ಮೇಲೆ ಭಾಗದ ಹೆಸರು, ದೋಷ, ಮುಂದಿನ ಕ್ರಮ. ಕ್ರಮದಲ್ಲಿ ಮೂರು ಚೌಕ: ಗುಜರಿಗೆ, ಪೂರೈಸಿದವರಿಗೆ ವಾಪಸ್, ತಿದ್ದಿ ಬಳಕೆಗೆ. ಕೆಳಗೆ ಇಬ್ಬರು ಪರೀಕ್ಷಕರ ಸಹಿ. ನಿವೃತ್ತಿಯ ದಿನ ಒಂದು ಕಟ್ಟು ಹಳೆಯ ಟ್ಯಾಗ್ ಮನೆಗೆ ತಂದಿದ್ದೆ. ಸುಮತಿ ಅವುಗಳ ಹಿಂಬದಿಯಲ್ಲಿ ಕಿರಾಣಿ ಪಟ್ಟಿ ಬರೆಯುತ್ತಾಳೆ. ಉಳಿದದ್ದನ್ನು ನಾನು ಧೂಳು ಕೊಡವಿ ಹೊರತೆಗೆದೆ.

ಕೆಲಸ ಶಿಸ್ತಾಗಿ ಆರಂಭಿಸಿದೆ. ಮೊದಲು ತೀರ್ಮಾನ ಬರೆದೆ: ‘ಸದರಿ ಎಣ್ಣೆಯಿಂದ ಯಾವ ಪ್ರಯೋಜನವೂ ಕಂಡುಬಂದಿಲ್ಲ.’ ಅಕ್ಷರ ದುಂಡಗೆ ಬಂತು. ಇನ್ನು ಪುರಾವೆ ಸಂಗ್ರಹಿಸುವುದಷ್ಟೇ ಬಾಕಿ. ಹತ್ತು ಊರಿನ ಡಾಕ್ಟರುಗಳನ್ನು ಎಲ್ಲಿ ಹುಡುಕುವುದು? ನಮ್ಮ ಸೊಸೈಟಿಯೇ ಸಾಕೆಂದು, ಐದು ಪ್ರಶ್ನೆಗಳ ಫಾರ್ಮ್ ಮಾಡಿಸಿ, ಮನೆ ಮನೆಯ ಗಂಟೆ ಒತ್ತಿದೆ. ನಾಲ್ಕನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತ್ತು. ‘ಈಗ ತಮ್ಮ ಮೊಣಕಾಲು ಹೇಗಿದೆ?’

ಒಂದನೇ ಮಹಡಿಯ ಜೋಶಿ ಬಾಯಿ ಕಣ್ಣು ಮುಚ್ಚಿಕೊಂಡು, “ಛಾನ್ ಆಹೆ ಹೋ,” ಅಂದರು, ಬಲು ಚೆನ್ನಾಗಿದೆ ಎಂದು. ಎರಡನೆಯ ಮನೆಯಲ್ಲೂ ಛಾನ್. ಮೂರನೆಯದರಲ್ಲೂ ಛಾನ್. ನಾಲ್ಕನೆಯ ಮನೆಯಾಕೆ ಬಾಟಲಿಯ ಸೀಲು ಕೂಡ ಒಡೆದಿರಲಿಲ್ಲ, ಆದರೂ ಛಾನ್! ಆಗ ನನಗೆ ಹೊಳೆಯಿತು. ಕುಂಕುಮ ಹಚ್ಚಿ ಕೊಟ್ಟ ವಾಣವನ್ನು ಯಾವ ಹೆಣ್ಣುಮಗಳು ತೆಗಳುತ್ತಾಳೆ? ಸಂಕ್ರಾಂತಿಯ ದಿನವೇ ದೇಸಾಯಿ ಇಡೀ ಸೊಸೈಟಿಯ ಬಾಯಿ ಕಟ್ಟಿಹಾಕಿದ್ದರು! ಇದು ಮೇಧಾ ಹೇಳಿದ ಪಕ್ಷಪಾತವಲ್ಲದೆ ಮತ್ತೇನು? ಹೀಗಾಗಿ ವಾಣ ಪಡೆದವರನ್ನೆಲ್ಲ ಕೈಬಿಡುವುದೆಂದು ನಿಯಮ ಮಾಡಿದೆ. ನಿಯಮವನ್ನು ಮೊದಲೇ ಬರೆದಿಡಬೇಕಿತ್ತು. ಆದ್ದರಿಂದ ಹಿಂದಿನ ವಾರದ ತಾರೀಖು ಹಾಕಿದೆ.

ಇಪ್ಪತ್ತೆರಡು ಫಾರ್ಮಿಗೆ ಕೆಂಪು ಟ್ಯಾಗ್ ಬಿತ್ತು. ಉಳಿದದ್ದು ನಾಲ್ಕು. ಮನೆಯಲ್ಲಿ ಹೆಂಗಸರಿಲ್ಲದ ಇಬ್ಬರು ಬಾಡಿಗೆದಾರರು, ಗೇಟಿನ ವಾಚ್‌ಮನ್, ಮತ್ತು ನಾನು. ನಾಲ್ವರಲ್ಲಿ ಯಾರೂ ಆ ಎಣ್ಣೆಯನ್ನು ಮುಟ್ಟಿ ನೋಡಿದವರಲ್ಲ. ಎಣ್ಣೆಯಿಂದ ಪ್ರಯೋಜನವಾಯಿತೇ ಎಂದು ಕೇಳಿದಾಗ ವಾಚ್‌ಮನ್, ಯಾವ ಎಣ್ಣೆ ಸಾಹೇಬರೇ, ಎಂದು ಮರುಪ್ರಶ್ನೆ ಹಾಕಿದ. ‘ಪ್ರಯೋಜನ ಕಂಡುಬಂದಿಲ್ಲ’ ಎಂದು ಬರೆದುಕೊಂಡೆ. ನಾಲ್ಕಕ್ಕೆ ನಾಲ್ಕು! ಚಾಕಣದಲ್ಲಿ ಇಷ್ಟು ಶುದ್ಧ ಫಲಿತಾಂಶ ನಾನು ಕಂಡೇ ಇರಲಿಲ್ಲ.

ಇಬ್ಬರು ಬೇರೆ ಬೇರೆ ತೂಗಬೇಕೆಂಬ ನಿಯಮ ಒಂದಿತ್ತಲ್ಲ, ಅದಕ್ಕೂ ತಪ್ಪಲಿಲ್ಲ. ಸ್ನಾನಕ್ಕೆ ಮುಂಚೆ ಒಮ್ಮೆ ನಾನೇ ನೋಡಿದೆ, ಸ್ನಾನವಾದ ಮೇಲೆ ಇನ್ನೊಮ್ಮೆ ನಾನೇ ನೋಡಿದೆ. ವರದಿಯಲ್ಲಿ ಬರೆದೆ: ‘ಇಬ್ಬರು ಪರೀಕ್ಷಕರಲ್ಲಿ ಎಲ್ಲಿಯೂ ಭಿನ್ನಾಭಿಪ್ರಾಯವಿರಲಿಲ್ಲ.’ ಹಿತಾಸಕ್ತಿ ಎಂಬ ತಲೆಬರಹದ ಕೆಳಗೆ, ‘ಲೇಖಕರಿಗೆ ದೇಸಾಯಿಯವರ ಮೇಲೆ ಯಾವ ಹೊಟ್ಟೆಕಿಚ್ಚೂ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಸೇರಿಸಿದೆ. ಯಾರೂ ಕೇಳಿರಲಿಲ್ಲ. ಆದರೂ ಇರಲಿ ಎಂದು.

ನಮ್ಮ ಕನ್ನಡಿಗರ ಕೂಟ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಸೊಸೈಟಿಯ ಸಭಾಂಗಣದಲ್ಲಿ ಸೇರುತ್ತದೆ. ನಮ್ಮ ಸೊಸೈಟಿಯಲ್ಲೇ ಇರುವ, ಖಾನಾವಳಿ ನಡೆಸುವ ಉಡುಪಿ ಕಡೆಯ ಕಾಮತರು ಇಡ್ಲಿ ಕಳಿಸುತ್ತಾರೆ, ಆದ್ದರಿಂದ ಹಾಜರಾತಿಗೆ ಕೊರತೆಯಿಲ್ಲ. ಆ ಸಲ ‘ಒಂದು ಚಿಕಿತ್ಸೆಯ ವ್ಯವಸ್ಥಿತ ಪರಾಮರ್ಶೆ’ ಎಂಬ ಉಪನ್ಯಾಸ ಕೊಡುತ್ತೇನೆಂದು ನಾನೇ ಹೆಸರು ಕೊಟ್ಟೆ. ಮೇಧಾಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಸುಮತಿ ಅವಳ ಪಕ್ಕದಲ್ಲಿ, ದೇಸಾಯಿ ದಂಪತಿ ಅವರ ಹಿಂದೆ. ವರದಿಯ ಝೆರಾಕ್ಸ್ ಮೂವತ್ತು ಪ್ರತಿ ಮಾಡಿಸಿ, ಎಲ್ಲರ ಕೈಗೂ ನಾನೇ ಹಂಚಿದೆ. ಪೂರ್ತಿ ವರದಿ. ಅನುಬಂಧ ಸಹಿತ!

ನಾಲ್ಕಕ್ಕೆ ನಾಲ್ಕು ಎಂಬಲ್ಲಿಗೆ ಬಂದಾಗ ಚಪ್ಪಾಳೆಗಾಗಿ ನಿಂತೆ. ಚಪ್ಪಾಳೆ ಬರಲಿಲ್ಲ. ಮೇಧಾ ಮೆಲ್ಲಗೆ ಕೈ ಎತ್ತಿದಳು. “ಮಾಮಾ, ಕೈಬಿಟ್ಟವರ ಪಟ್ಟಿ ಎಲ್ಲದ?”

“ಕೊನೀ ಪುಟ ನೋಡವಾ,” ಅಂದೆ. ಹೆಮ್ಮೆಯಿಂದಲೇ ಅಂದೆ. ಮೂವತ್ತು ಜನ ಒಟ್ಟಿಗೆ ಪುಟ ಮಗುಚಿದ ಸದ್ದು ಕೇಳಿಸಿತು. ಅಲ್ಲಿ ನಾನು ಇಪ್ಪತ್ತೆರಡು ಹೆಸರನ್ನೂ ಕಾರಣದೊಂದಿಗೆ ಕೊಟ್ಟಿದ್ದೆ. ಜೋಶಿ ಬಾಯಿ: ಹೊಗಳುವಾಗ ಕಣ್ಣು ಮುಚ್ಚಿದರು. ಕಾಮತರ ಪತ್ನಿ: ಸಿಕ್ಕಿದ್ದನ್ನೆಲ್ಲ ಹೊಗಳುವ ಸ್ವಭಾವ, ನನ್ನ ಹೆಂಡತಿಯ ಉಪ್ಪಿಟ್ಟನ್ನೂ ಹೊಗಳಿದ್ದಾರೆ. ಕಾಮತರು ಇಡ್ಲಿಯ ಪಾತ್ರೆಗೆ ಮುಚ್ಚಳ ಹಾಕಿದರು. ಆಗಲಾದರೂ ನಾನು ಓಡಿಹೋಗಬೇಕಿತ್ತು.

ಇಪ್ಪತ್ತೆರಡನೆಯ ಹೆಸರನ್ನು ಸುಮತಿ ತಾನೇ ಗಟ್ಟಿಯಾಗಿ ಓದಿದಳು. “ಸುಮತಿ, ಲೇಖಕರ ಪತ್ನಿ. ದೇಸಾಯಿಯವರ ಮಾತಿಗೆ ತಲೆದೂಗುವುದು ಅತಿಯಾಗಿದೆ. ನಂಬಲರ್ಹರಲ್ಲ.” ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದಳು. “ನನಗ ಫಾರ್ಮೇ ಕೊಟ್ಟಿಲ್ಲಲ್ರಿ ನೀವು.”

ಕೊಟ್ಟಿರಲಿಲ್ಲ. ಆಕೆಯ ಉತ್ತರ ದಿನಾ ಚಹಾದ ಜೊತೆ ಕೇಳುತ್ತಿದ್ದೇನಲ್ಲ ಎಂದು ನಾನೇ ತುಂಬಿದ್ದೆ.

“ಊರ ಮಂದಿನ್ನೆಲ್ಲಾ ಕೇಳಿ ಬಂದೀರಿ, ನಿಮ್ಮ ಮೊಣಕಾಲ ಹೆಂಗದ ಅಂತ,” ಅಂದಳು. “ಬಾಟಲಿ ಬಂದು ಇಷ್ಟು ದಿವಸ ಆತು. ನನ್ನ ಒಂದ ಸಲ ಕೇಳೀರೇನು? ಬೆಲ್ಟ್ ತಂದ ಕೊಟ್ಟ್ರಿ, ಚೀಲಾ ತಂದ ಕೊಟ್ಟ್ರಿ. ಕೇಳಲಿಲ್ಲ. ದೇಸಾಯಿ ಅವರು ದಿನಾ ಸಂಜಿಕೆ ಕೇಳತಾರ.”

ನನಗೆ ಹೊಳೆದದ್ದು ಒಂದೇ, ಅದು ನನ್ನ ಫಾರ್ಮಿನ ನಾಲ್ಕನೆಯ ಪ್ರಶ್ನೆ ಎಂದು.

ಆಗ ಎದ್ದವರು ದೇಸಾಯಿ. ಈಗಲಾದರೂ ಬಯ್ಯುತ್ತಾರೆ, ಅವರಲ್ಲೂ ಒಂದು ಕೊರತೆ ಸಿಗುತ್ತದೆ ಎಂದು ಆಸೆಯಿಂದ ಕಾದೆ. ಆ ಮಹಾನುಭಾವರು ನನ್ನತ್ತ ಕೈ ಮುಗಿದು, “ರಾಯರು ಭಾಳ ಶ್ರಮಾ ತಗೊಂಡಾರ್ರಿ. ನನ್ನ ಎಣ್ಣಿ ಯಾರರೆ ಒಬ್ಬರು ಪರೀಕ್ಷಾ ಮಾಡಬೇಕಿತ್ತು,” ಅಂದರು! ಜನ ಚಪ್ಪಾಳೆ ತಟ್ಟಿದರು. ನಾನು ಕಾಯುತ್ತಿದ್ದ ಅದೇ ಚಪ್ಪಾಳೆ, ಅವರಿಗೆ ಬಿತ್ತು.

ಹಾಗಾದರೆ ಎಣ್ಣೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಯಾರೋ ಮೇಧಾಳನ್ನು ಕೇಳಿದರು. ಇಂಥ ಎಣ್ಣೆಗಳ ಮೇಲೆ ನಡೆದ ಪ್ರಯೋಗಗಳನ್ನು ಅವಳು ಹಿಂದಿನ ದಿನವೇ ಹುಡುಕಿ ನೋಡಿದ್ದಳಂತೆ. ಅವಳಿಗೆ ಸಿಕ್ಕವು ಕೆಲವೇ, ಅವೂ ಸಣ್ಣವು, ಸರಿಯಾಗಿ ನಡೆಸಿದವಲ್ಲ. ನಾನು ಅಂಥ ಒಂದು ಪ್ರಯೋಗವನ್ನೂ ಹುಡುಕಿರಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ, ನನ್ನ ಮೇಲಿನ ಗೌರವದಿಂದ. ಎಣ್ಣೆ ಹಚ್ಚಿದ ಮೇಲೆ ಏನು ಮಾಡುತ್ತೀರಿ ಎಂದು ಹೆಂಗಸರನ್ನು ಕೇಳಿದಳು. ದೇಸಾಯಿಯವರು ಸಂಜೆ ಎಲ್ಲರನ್ನೂ ಕರೆದುಕೊಂಡು ಸೊಸೈಟಿಯ ಸುತ್ತ ಐದು ಸುತ್ತು ನಡೆಸುತ್ತಾರೆಂದು ಆಗ ತಿಳಿಯಿತು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಕೂತು ಟ್ಯಾಗ್ ಬರೆಯುತ್ತಿದ್ದೆ.

“ನಡಿಗೀಯಿಂದ ಮೊಣಕಾಲಿಗೆ ಅನುಕೂಲ ಅದ ಅನ್ನಲಿಕ್ಕೆ ಪುರಾವೆ ಚಲೋ ಅದ,” ಅಂದಳು ಮೇಧಾ. “ಎಣ್ಣಿದು ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೂ ಒಂದು ಉತ್ತರನ, ಮಾಮಾ.”

ಎಣ್ಣೆ ನಿಷ್ಪ್ರಯೋಜಕ ಎಂದು ಒಂದು ಮಾತು ಅವಳ ಬಾಯಿಂದ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಬದಲಿಗೆ ದೇಸಾಯಿಯವರ ನಡಿಗೆಗೂ ಪುರಾವೆ ಸಿಕ್ಕಿತು. ಅವರ ಬಳಿ ಇದ್ದದ್ದು ಒಂದೇ ಔಷಧ. ನಾನು ಪರಾಮರ್ಶೆ ಮಾಡಿ ಎರಡು ಮಾಡಿಕೊಟ್ಟೆ!

ಮನೆಗೆ ಬಂದು ಊಟ ಮಾಡಿದೆವು. ಸಂಜೆ ಐದಕ್ಕೆ ಸುಮತಿ ಕಾಲಿಗೆ ಎಣ್ಣೆ ಹಚ್ಚಿಕೊಂಡು, ಚಪ್ಪಲಿ ಮೆಟ್ಟಿ, ಮೇಧಾಳ ಜೊತೆ ಕೆಳಗೆ ಹೊರಟಳು. ಬಾಗಿಲಲ್ಲಿ ನಿಂತವನು ಕೇಳಿಯೇಬಿಟ್ಟೆ. “ನಿನ್ನ ಮೊಣಕಾಲು ಹೆಂಗದ?”

ಆಕೆ ತಿರುಗಿ ನೋಡಿದಳು. ಕೈಯಲ್ಲಿ ಫಾರ್ಮ್ ಇದೆಯೇ ಎಂದು ಪರೀಕ್ಷಿಸಿದಳು. ಇರಲಿಲ್ಲ.

“ನಿಮ್ಮ ಚಹಾ ಟೇಬಲ್ ಮ್ಯಾಲೆ ಅದ,” ಅಂದು ಹೋದಳು.

ಚಹಾದ ಕಪ್ಪಿನ ಹಿಡಿಗೆ ನನ್ನದೇ ಕೆಂಪು ಟ್ಯಾಗ್ ಕಟ್ಟಿತ್ತು. ಕಿರಾಣಿ ಪಟ್ಟಿ ಬರೆಯುವ ಅದೇ ಅಕ್ಷರ. ಭಾಗದ ಹೆಸರು: ಗಂಡ. ದೋಷ: ಹೊಟ್ಟೆಕಿಚ್ಚು. ಮುಂದಿನ ಕ್ರಮದಲ್ಲಿ ‘ಪೂರೈಸಿದವರಿಗೆ ವಾಪಸ್’ ಎಂಬ ಚೌಕಕ್ಕೆ ಮೊದಲು ಗುರುತು ಹಾಕಿ, ಆಮೇಲೆ ಹೊಡೆದುಹಾಕಿ, ‘ಅತ್ತಿಯವರು ಈಗಿಲ್ಲ’ ಎಂದು ಪಕ್ಕದಲ್ಲಿ ಬರೆದಿದ್ದಳು. ಗುಜರಿಯ ಚೌಕವನ್ನು ಮುಟ್ಟಿರಲಿಲ್ಲ, ಪುಣ್ಯ. ಗುರುತು ಉಳಿದದ್ದು ಮೂರನೆಯದಕ್ಕೆ: ತಿದ್ದಿ ಬಳಕೆಗೆ.

ಕೆಳಗೆ ಒಂದು ಸಹಿ ಸುಮತಿಯದು, ಇನ್ನೊಂದು ಮೇಧಾಳದು. ಇಬ್ಬರೂ ಬೇರೆ ಬೇರೆ ಕೂತು ತೂಗಿದ್ದರೆಂದು ಕಾಣುತ್ತದೆ. ಇಬ್ಬರು ಪರೀಕ್ಷಕರಲ್ಲಿ ಎಲ್ಲಿಯೂ ಭಿನ್ನಾಭಿಪ್ರಾಯವಿರಲಿಲ್ಲ.