ಡಬ್ ಅನ್ನದ ಟೈರು

ಹದಿನೆಂಟು ವರ್ಷದಲ್ಲಿ ಏಕಾಂತಪ್ಪ ಮೇಷ್ಟ್ರು ಬೈಕಿನಿಂದ ಒಂದು ಸಲವೂ ಬಿದ್ದಿಲ್ಲ. ಈ ಸಂಗತಿಯನ್ನು ಅವರ ಬಾಯಿಂದ ಕೇಳದವರು ಕೊಟ್ಟೂರಿನಲ್ಲಿ ಯಾರೂ ಇಲ್ಲ. ಹೈಸ್ಕೂಲಿನಲ್ಲಿ ಅವರು ಪಿ.ಟಿ. ಮೇಷ್ಟ್ರು. ಒಂದು ಸೀಟಿ ಊದಿದರೆ ಮುನ್ನೂರು ಮಕ್ಕಳು ಸಾಲಾಗಿ ನಿಲ್ಲುವುದನ್ನು ಕಂಡು ಕಂಡು, ರಸ್ತೆಯೂ ತಮ್ಮ ಮಾತು ಕೇಳುತ್ತದೆಂದು ನಂಬಿಬಿಟ್ಟಿದ್ದರು. ಪಕ್ಕದ ಬೀದಿಗೆ ಮೊಸರು ತರಲು ಹೊರಟರೂ ತಲೆಯ ಮೇಲೆ ಹೆಲ್ಮೆಟ್ಟು ಇರಬೇಕು, ಅದರ ಪಟ್ಟಿ ಗದ್ದದ ಕೆಳಗೆ ಟಕ್ಕೆಂದು ಕೂರಬೇಕು.

ಇಂಥವರಿಗೆ ಜನವರಿಯ ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಒಂದು ಫೋನು ಬಂತು. ಮಾಡಿದವರು ಊರಿನ ಪಿಯು ಕಾಲೇಜಿನ ಪ್ರಾಂಶುಪಾಲರಾದ ಮರುಳಪ್ಪನವರು.

"ಶನಿವಾರ ಹತ್ತೂವರಿಗೆ ನಮ್ಮ ಹುಡುಗ್ರಿಗೆ ನಾಕು ಮಾತು ಹೇಳ್ರಿ ಮೇಷ್ಟ್ರ. ಸುರಕ್ಷಿತ ಸವಾರ ಅಂತ ನಿಮಗೊಂದು ಶಾಲು ಹೊದಸೋಣು ಅಂತ ಮಾಡೀವಿ."

ಅಂದಿನಿಂದ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು ಹೇಳಿ? ಅವರ ಶಾಲೆಯಲ್ಲಿ ಇಲ್ಲಿಯವರೆಗೆ ಎಷ್ಟೋ ಶಾಲುಗಳು ಹಾರಾಡಿವೆ. ಗಣಿತಕ್ಕೆ ಹೋಯಿತು, ವಿಜ್ಞಾನಕ್ಕೆ ಹೋಯಿತು, ಕನ್ನಡಕ್ಕಂತೂ ಎರಡು ಸಲ ಹೋಯಿತು. ಪಿ.ಟಿ. ಮೇಷ್ಟ್ರಿಗೆ ಮಾತ್ರ ಪ್ರತಿ ಸಮಾರಂಭದಲ್ಲೂ ಕುರ್ಚಿ ಜೋಡಿಸುವ, ಮೈಕು ಕಟ್ಟಿಸುವ ಕೆಲಸ. ತಮ್ಮ ಹೆಗಲಿಗೆ ಬರಲಿರುವ ಮೊದಲ ಶಾಲು ಅದು. ಅದನ್ನು ಅವರು ಎಷ್ಟು ಬಯಸಿದ್ದರೆಂದರೆ, ಹೊದಿಸುವಾಗ ಯಾವ ಕಡೆ ತಲೆ ಬಾಗಿಸಬೇಕೆಂದು ಕನ್ನಡಿಯ ಮುಂದೆ ಹೆಂಡತಿಯ ಟವೆಲ್ಲು ಹೊದ್ದು ನೋಡಿಕೊಂಡಿದ್ದರು.

ಭಾಷಣದ ವಿಷಯ, "ಓಡುವ ಗಾಡಿಯ ಟೈರು ಹೋದರೆ". ಅದಕ್ಕೆ ನಾಲ್ಕು ಸೂತ್ರ ರಚಿಸಿದರು. ಹೆದರಬಾರದು. ಬ್ರೇಕು ಒಮ್ಮೆಲೆ ಹಿಡಿಯಬಾರದು. ಆಕ್ಸಿಲರೇಟರು ಬಿಟ್ಟು, ಹ್ಯಾಂಡಲ್ಲನ್ನು ನೆಟ್ಟಗೆ, ಗಟ್ಟಿಯಾಗಿ ಹಿಡಿಯಬೇಕು. ಗಾಡಿ ತಾನಾಗಿ ನಿಧಾನವಾದ ಮೇಲೆ ಎಡಕ್ಕೆ ತರಬೇಕು. ಇವುಗಳ ಬಾಲಕ್ಕೆ ಒಂದು ಉಪಸೂತ್ರ: ಹಿಂದೆ ಕೂತವರು ಅಲುಗಾಡದೆ ಕೂರಬೇಕು, ಸವಾರನ ಕುತ್ತಿಗೆಗೆ ಜೋತುಬೀಳಬಾರದು.

ಸೂತ್ರ ಕಲಿಸಲು ಮೊದಲ ವಿದ್ಯಾರ್ಥಿನಿ ಹೆಂಡತಿ ಶಾಂತಕುಮಾರಿ. ಅದು ಬಲವಂತದ ಭರ್ತಿ. ದಿನಾ ಸಂಜೆ ಮಂಚವೇ ಬೈಕು, ಲಟ್ಟಣಿಗೆಯೇ ಹ್ಯಾಂಡಲ್ಲು. ಮೇಷ್ಟ್ರು ಮುಂದೆ, ಆಕೆ ಹಿಂದೆ.

"ಡಬ್" ಎಂದು ಮೇಷ್ಟ್ರು ಕೂಗಬೇಕು. ಆಕೆ ನಾಲ್ಕೂ ಸೂತ್ರ ಒಪ್ಪಿಸಬೇಕು.

"ಏನ್ರಿ, ಆ ಲಟ್ಟಣಿಗಿ ಕೊಡ್ರಿ. ಚಪಾತಿ ಯಾವಾಗ ಮಾಡ್ಲಿ?"

"ಟೈರು ಹೋದಾಗ ಚಪಾತಿ ಉಳಸ್ತಾವೇನು ನಿನ್ನ? ಮೊದ್ಲು ಹೇಳು, ಎರಡ್ನೇದು ಏನು?"

"ಬ್ರೇಕ್ ಹಿಡೀಬಾರ್ದು. ಒಲಿ ಮ್ಯಾಲ ಹಂಚು ಸೀಯಕತ್ತೈತಿ, ಇಳೀಲೇನು ಗಾಡಿಂದ?"

ಹೀಗೆ ಐದು ದಿನದಲ್ಲಿ ಶಾಂತಕುಮಾರಿಗೆ ಸೂತ್ರಗಳು ಸುಪ್ರಭಾತದಂತೆ ಬಾಯಿಪಾಠವಾದವು. ಮೇಷ್ಟ್ರು ಕಲಿಸುವವರು, ಅವರಿಗೆ ಬಾಯಿಪಾಠದ ಅಗತ್ಯವೇನು!

ಶುಕ್ರವಾರ ಇಬ್ಬರೂ ಉಜ್ಜಿನಿ ದಾರಿಯಲ್ಲಿರುವ ಅತ್ತೆಯ ಹಳ್ಳಿಗೆ ಹೋಗಬೇಕಾಯಿತು. ಅತ್ತೆ ಜಂಬಕ್ಕನ ಹುರುಳಿ ಕಟಾವಾಗಿತ್ತು. ಆ ಕಡೆ ಈಗ ಕಣ ಮಾಡುವವರು ಯಾರು? ಡಾಂಬರು ರಸ್ತೆಯೇ ಕಣ, ಹೋಗಿ ಬರುವ ಗಾಡಿಯ ಗಾಲಿಯೇ ರೋಣಗಲ್ಲು. ಜಂಬಕ್ಕ ಮನೆಯ ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಹಾಸಿದ್ದಳು. ಆಕೆಯ ಚಿಂತೆ ಬೇರೆ.

"ಅಳೇಂದ್ರ, ಕುರಿ ಬಂದು ರಾತ್ರಿ ಬೆಳಗಾಗೂದ್ರಾಗ ಮೇಯ್ದು ಹೋಗ್ತಾವು. ಏನರ ಮಾಡ್ರಿ."

ರಸ್ತೆಯ ಮೇಲೆ ಬೆಳೆ ಹಾಸುವುದು ಅಪಾಯ ಎಂದು ಊರಿಗೆಲ್ಲ ಹೇಳುವವರು, ಅತ್ತೆ ಕೇಳಿದ್ದೇ ತಡ, ಕುಡುಗೋಲು ಹಿಡಿದರು. ಹೊತ್ತು ಮುಳುಗುವಷ್ಟರಲ್ಲಿ ರಾಶಿಯನ್ನು ಒಂದು ಬದಿಗೆ ಒಟ್ಟಿ, ಬಳ್ಳಾರಿ ಜಾಲಿಯ ಟೊಂಗೆ ಕಡಿದು ಸುತ್ತ ಬೇಲಿ ಜಡಿದರು. ಕುರಿ ಹಾಗಿರಲಿ, ಇರುವೆ ನುಗ್ಗುವುದೂ ಕಷ್ಟವಿತ್ತು. ಬೆಳಿಗ್ಗೆ ತಾವೇ ಟೊಂಗೆಗಳನ್ನು ದರದರ ಎಳೆದು ಹಾಕಿ, ಹುರುಳಿಯನ್ನು ಮತ್ತೆ ರಸ್ತೆಗೆ ಹರವಿ, ಕೈ ಜಾಡಿಸಿಕೊಂಡು ಸ್ನಾನಕ್ಕೆ ಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಲ್ಮೆಟ್ಟು ಧರಿಸಿ ಹೊರಗೆ ಬಂದಾಗ ಜಂಬಕ್ಕ ಇನ್ನೊಂದು ಕೋರಿಕೆ ಇಟ್ಟಳು.

"ಹೆಂಗೂ ಹೊಂಟೀರಿ. ಅದರ ಮ್ಯಾಲ ಎಲ್ಡು ಸುತ್ತು ಗಾಡಿ ತಿರುಗಿಸಿ ಹೋಗ್ರೆಲ್ಲ."

ಎರಡೇನು, ಮೇಷ್ಟ್ರು ಹನ್ನೊಂದು ಸುತ್ತು ಹೊಡೆದರು. ಸುರಕ್ಷಿತ ಸವಾರ ತುಳಿದ ಹುರುಳಿಯ ರುಚಿಯೇ ಬೇರೆ ಎಂದು ಅತ್ತೆಗೆ ಹೇಳಿ, ಹೆಂಡತಿಯನ್ನು ಕೂರಿಸಿಕೊಂಡು ಕೊಟ್ಟೂರಿನ ಕಡೆ ಹೊರಟರು.

ನಾಲ್ಕು ಕಿಲೋಮೀಟರು ಸುಖವಾಗಿ ಸಾಗಿತು. ಮೇಷ್ಟ್ರು ಹೆಲ್ಮೆಟ್ಟಿನೊಳಗೆ ಭಾಷಣ ಒಪ್ಪಿಸಿಕೊಳ್ಳುತ್ತಿದ್ದರು. "ಮಾನ್ಯ ಅಧ್ಯಕ್ಷರೇ" ಎನ್ನುವಾಗ ಮುಂದಿನ ಗಾಲಿ ಎಡಕ್ಕೆ ವಾಲಿತು. "ವೇದಿಕೆಯ ಮೇಲಿನ ಗಣ್ಯರೇ" ಎನ್ನುವಾಗ ಬಲಕ್ಕೆ ವಾಲಿತು. ಮೇಷ್ಟ್ರು ರಸ್ತೆ ಹಾಕಿದ ಗುತ್ತಿಗೆದಾರನನ್ನು ಬೈದರು. ಟೈರು ಹೋದರೆ ಡಬ್ ಎಂದು ಶಬ್ದ ಬರಬೇಕು ತಾನೆ? ಅವರ ತರಬೇತಿಯೆಲ್ಲ ಡಬ್‌ಗೆ ಆಗಿತ್ತು. ಈ ಟೈರು ಬಾಯಿ ಬಿಡದೆ ಒಳಗೊಳಗೇ ಪ್ರಾಣ ಬಿಡುತ್ತಿತ್ತು.

ಹ್ಯಾಂಡಲ್ಲು ಕೈಯಲ್ಲಿ ಒದ್ದಾಡತೊಡಗಿದಾಗ ವಿಷಯ ತಿಳಿಯಿತು. ತಿಳಿದ ಕ್ಷಣವೇ ನಾಲ್ಕೂ ಸೂತ್ರಗಳು ಒಂದೊಂದು ದಿಕ್ಕಿಗೆ ಓಡಿಹೋದವು. ಎದುರಿಗೆ ಮೆಕ್ಕೆಜೋಳದ ಲಾರಿ ಬರುತ್ತಿತ್ತು. ಮೇಷ್ಟ್ರ ಬಲಗೈ ಬೆರಳುಗಳು ಬ್ರೇಕಿನ ಮೇಲೆ ಬಿದ್ದವು. ಬಾಯಿಂದ ಹೊರಟಿದ್ದು ಒಂದೇ ಪದ, "ಯವ್ವಾ".

ಹಿಂದಿನಿಂದ, ಕಿವಿಯ ಪಕ್ಕದಲ್ಲೇ, ಚಪಾತಿ ಲೆಕ್ಕ ಹೇಳುವಷ್ಟೇ ಸಮಾಧಾನದ ಒಂದು ದನಿ ಕೇಳಿತು.

"ಹೆದರಬ್ಯಾಡ್ರಿ. ಬ್ರೇಕ್ ಬಿಡ್ರಿ. ಬಿಡ್ರಿ ಅಂದ್ನೆಲ್ಲ. ಗ್ಯಾಸ್ ಕಮ್ಮಿ ಮಾಡ್ರಿ. ಹ್ಯಾಂಡಲ್ ನೆಟ್ಟಗ ಹಿಡೀರಿ, ಗಟ್ಟಿಯಾಗಿ. ನಾ ಅಳ್ಳಾಡಂಗಿಲ್ಲ. ನಿಧಾನ ಆತು ನೋಡ್ರಿ. ಈಗ ಎಡಕ್ಕ ತಗೋರಿ."

ಆಕೆ ಹೇಳಿದಂತೆ ಮೇಷ್ಟ್ರು ಮಾಡಿದರು. ಲಾರಿ ಹಾರನ್ನು ಹೊಡೆಯುತ್ತ ಪಕ್ಕದಲ್ಲಿ ಹಾದುಹೋಯಿತು. ಬೈಕು ರಸ್ತೆಯ ಅಂಚಿನಲ್ಲಿ ಸಾಧುವಾಗಿ ನಿಂತಿತು. ಮೇಷ್ಟ್ರು ಇಳಿದು ಸ್ಟ್ಯಾಂಡು ಹಾಕಿ, ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡರು. ಒಂದು ನಿಮಿಷ ಬಿಟ್ಟು ಅವರು ಎದೆಯುಬ್ಬಿಸಿದರು.

"ನೋಡಿದೇನು ಶಾಂತಾ, ಹೆಂಗ ನಿಲ್ಲಿಸ್ದೆ?"

"ನೋಡ್ದೆ," ಅಂದಳು ಶಾಂತಕುಮಾರಿ.

ಅರ್ಧ ಮೈಲಿ ತಳ್ಳಿಕೊಂಡು ಹೋದರೆ ಕ್ರಾಸಿನಲ್ಲಿ ಮಾರೇಶನ ಪಂಕ್ಚರ್ ಅಂಗಡಿ. ಅಲ್ಲಿ ಆಗಲೇ ಎರಡು ಗಾಡಿ ಮಲಗಿದ್ದವು. ಕಲ್ಲಿನ ಮೇಲೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಸಾಕ್ಷಾತ್ ಮರುಳಪ್ಪನವರು. ಉಜ್ಜಿನಿಯಿಂದ ದಿನಾ ಅದೇ ದಾರಿಯಲ್ಲಿ ಓಡಾಡುವವರು.

ಮಾರೇಶ ಮೇಷ್ಟ್ರ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿದ. ಎಲ್ಲ ಕಡೆಯಿಂದಲೂ ಗುಳ್ಳೆ.

"ಒಂಬತ್ತು ಮುಳ್ಳು ಅದಾವ ಸಾರ್. ಜಾಲಿಮುಳ್ಳು. ಮುಂಜಾನಿಂದ ಬಂದೋರಿಗೆಲ್ಲ ಇದ. ಯಾರೋ ರೋಡಿನಾಗ ಚೆಲ್ಯಾರ."

ಮೇಷ್ಟ್ರಿಗೆ ರೋಷ ಉಕ್ಕಿತು. ಎದುರಿಗೆ ಪ್ರಾಂಶುಪಾಲರು ಬೇರೆ! ಮುಳ್ಳನ್ನು ಎತ್ತಿ ಹಿಡಿದು ಅಲ್ಲೇ ಭಾಷಣ ಶುರು ಮಾಡಿದರು.

"ಇವ್ನು ಮನುಷ್ಯ ಅಲ್ಲ ಸಾರ್, ಕೊಲೆಗಡುಕ. ರಸ್ತೆ ಏನು ಇವ್ನ ಮಾವನ ಮನಿ ಆಸ್ತಿನಾ? ಹಿಡ್ದು ಸ್ಟೇಷನ್ನಿಗೆ ಒಯ್ಯಬೇಕು ಇಂಥ..."

ಅಷ್ಟರಲ್ಲಿ ಶಾಂತಕುಮಾರಿ ಫೋನು ಕಿವಿಗಿಟ್ಟುಕೊಂಡಿದ್ದಳು. ಜಂಬಕ್ಕನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಮಾತು ಕ್ರಾಸಿನ ಆಚೆಗೂ ಕೇಳಿತು.

"ಯವ್ವಾ, ಹುರುಳಿ ಮ್ಯಾಲ ಯಾರ ಗಾಡೀನೂ ಬಿಡಬ್ಯಾಡ. ಹಾಂ, ನಿನ್ನಳಿಯ ಬೇಲಿ ಹಾಕಿದ್ರೆಲ್ಲ, ಆ ಮುಳ್ಳು ಮುರ್ದು ಹೊಟ್ಟಿನಾಗ ಉಳ್ದಾವು. ಪೂರಾ ತಗದು ಮನಿ ಅಂಗಳಕ್ಕ ಹಾಕು. ರೋಡು ಕಸಬರಿಗಿಲೆ ಗುಡಿಸು. ಈಗಿಂದೀಗ."

ಮಾರೇಶ ಪಂಪು ನಿಲ್ಲಿಸಿದ. ಮೇಷ್ಟ್ರು ಎತ್ತಿ ಹಿಡಿದಿದ್ದ ಮುಳ್ಳನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡರು. ಗಾಡಿಗಳು ಸಿದ್ಧವಾದಾಗ ಮರುಳಪ್ಪನವರು ಹೆಲ್ಮೆಟ್ಟು ತೊಟ್ಟು, "ನಡ್ರಿ ಮೇಷ್ಟ್ರ, ಟೈಮಾತು. ಶಾಲಿನ ವಿಚಾರ ಅಲ್ಲೇ ನೋಡೋಣು" ಅಂದರು.

ಕಾಲೇಜಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಜರಿಯಂಚಿನ ಶಾಲು. ಮೇಷ್ಟ್ರು ನಾಲ್ಕು ಸೂತ್ರಗಳನ್ನು ಗುಡುಗಿದರು. ಚಪ್ಪಾಳೆ ಬಿತ್ತು. ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನಿಮ್ಮ ಟೈರು ಎಂದರ ಹೋಗೈತೇನ್ರಿ? ಆವಾಗ ಇವೆಲ್ಲ ನೆನಪಾದ್ವೇನ್ರಿ?"

ಮೇಷ್ಟ್ರು ಮರುಳಪ್ಪನವರನ್ನು ನೋಡಿದರು. ಅವರು ಬಾಯಿ ಬಿಡುವಂತೆ ಕಾಣಲಿಲ್ಲ. ಶಾಲು ನೋಡಿದರು. ಹಿಂದಿನ ಸಾಲಿನಲ್ಲಿ ಕೂತ ಹೆಂಡತಿಯನ್ನು ನೋಡಿದರು. ಆಕೆ ಸೆರಗಿಗೆ ಅಂಟಿದ್ದ ಹುರುಳಿ ಹೊಟ್ಟು ಕೀಳುತ್ತಿದ್ದಳು. ಒಂದು ಸುಳ್ಳು ಹೇಳಿದರೆ ಶಾಲು ಹೆಗಲಿಗೆ ಬರುತ್ತಿತ್ತು. ಬಾಯಿಗೆ ಮಾತ್ರ ಆ ಸುಳ್ಳು ಬರಲಿಲ್ಲ.

"ಇವತ್ತ ಹೋತವ್ವ. ಒಂದೂ ನೆನಪಾಗ್ಲಿಲ್ಲ. ಮುಳ್ಳು ಹಾಕಿದೋನೂ ನಾನ, ಬ್ರೇಕ್ ಹಿಡ್ದೋನೂ ನಾನ. ನಿಮ್ಮ ಮುಂದ ಜೀವಂತ ನಿಂತೀನಿ ಅಂದ್ರ, ಆಕಿ ಹಿಂದ ಕುಂತು ಒಂದೊಂದ ಹೇಳಿದ್ಲು ಅಂತ. ಆ ಶಾಲು ನನ್ನದಲ್ಲ."

ಸಭೆ ಛಾವಣಿ ಹಾರುವಂತೆ ಚಪ್ಪಾಳೆ ತಟ್ಟಿತು. ಶಾಂತಕುಮಾರಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಎರಡು ಮಾತು ಆಡಿ ಎಂದು ಮೈಕು ಕೊಟ್ಟಾಗ ಆಕೆ ಯೋಚಿಸಿ, "ನಾನೇನು ಮಾಡಿಲ್ರಿ. ಗಾಡಿ ಅವ್ರ ಕೈಯಾಗಿತ್ತು, ಅವ್ರು ನನ್ನ ಕೈಯಾಗಿದ್ರು" ಎಂದು ಹೇಳಿ ಇಳಿದುಬಿಟ್ಟಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮೇಷ್ಟ್ರು. ಹದಿನೆಂಟು ವರ್ಷ ತಮ್ಮ ಬಗ್ಗೆ ಪಟ್ಟ ಹೆಮ್ಮೆಯೆಲ್ಲ ಸೇರಿಸಿದರೂ ಅವತ್ತು ಆಕೆಯ ಬಗ್ಗೆ ಪಟ್ಟಷ್ಟು ಆಗಲಿಲ್ಲ.

ಸುದ್ದಿ ಹರಡಿತು. ಮುಂದಿನ ವಾರ ಹರಪನಹಳ್ಳಿಯ ಕಾಲೇಜಿನಿಂದ ಅಚ್ಚಾದ ಆಹ್ವಾನಪತ್ರ ಬಂತು. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ, ಕನ್ನಡಕ್ಕೆ ಎರಡು ಸಲ, ಎದೆಯುಬ್ಬಿಸಿ ತೋರಿಸಿದರು. ತಮ್ಮ ಹೆಸರು ಮೊದಲ ಸಲ ಅಚ್ಚಾಗಿದೆಯಲ್ಲ!

ಅದರಲ್ಲಿ ಹೀಗಿತ್ತು:

"ಉಪನ್ಯಾಸ: ಶ್ರೀಮತಿ ಶಾಂತಕುಮಾರಿ.

ಹೇಗೆ ಮಾಡಬಾರದು ಎಂಬುದರ ಪ್ರಾತ್ಯಕ್ಷಿಕೆ: ಶ್ರೀ ಏಕಾಂತಪ್ಪ."